ಸಂದರ್ಶನದ ಅಂಕ ಬಯಲಿಗೆ ತರ್ರಿ, ಆಮ್ಯಾಲ ಮೆರಿಟ್ ಮಾತಾಡೋಣು



ಪೋಸ್ಟ್ ಸ್ವಲ್ಪ ಉದ್ದ ಐತಿ. ನಿಮ್ಮ ಮನ್ಯಾಗ, ನಿಮ್ಮ ಕೇರ್ಯಾಗ ಯಾರಾದ್ರೂ ಎಂಬಿಬಿಎಸ್ ಇಲ್ಲಾ ಎಂಡಿ ಓದೋ ಮಕ್ಕಳಿದ್ರ ಕಡೀತನಕ ಓದ್ರಿ. ಇಲ್ಲದಿದ್ರೂ ಓದ್ರಿ. ಯಾಕಂದ್ರ ಇದು ಡಾಕ್ಟರ ಮಕ್ಕಳ ಸಮಸ್ಯೆ ಮಾತ್ರ ಅಲ್ಲ, ನಾಳೆ ನಿಮ್ಮ ಕಿಡ್ನಿ, ನಿಮ್ಮ ಹೃದಯ ಯಾರು ನೋಡ್ತಾರ ಅನ್ನೋ ಸಮಸ್ಯೆ.

ನಮ್ಮ ಮಂದಿಗೆ ಎಂಬಿಬಿಎಸ್ ಸೀಟು ಅಂದ್ರ ಏನು ಅಂತ ಗೊತ್ತು. ಎಂಡಿ ಸೀಟು ಅಂದ್ರೂ ಈಗೀಗ ಗೊತ್ತಾಗೇತಿ. ಅದರ ಮೇಲೆ ಇನ್ನೊಂದು ಅಟ್ಟ ಐತಿ. ಅದಕ್ಕೆ ಸೂಪರ್ ಸ್ಪೆಷಾಲಿಟಿ ಅಂತಾರೆ. ಎಂಡಿ ಅಥವಾ ಎಂಎಸ್ ಮುಗಿದ ಮೇಲೆ ಮೂರು ವರ್ಷದ ಡಿಎಂ, ಎಂಸಿಎಚ್, ಇಲ್ಲವೇ ಫೆಲೋಶಿಪ್. ಹೃದ್ರೋಗ, ಕಿಡ್ನಿ, ನರರೋಗ, ಕ್ಯಾನ್ಸರ್ ತಜ್ಞರು ತಯಾರಾಗುವುದು ಅಲ್ಲಿ. ಈ ಅಟ್ಟ ಹತ್ತೋ ಏಣಿ ಹೆಂಗೈತಿ, ಅದನ್ನ ಯಾರು ಹಿಡಿದು ನಿಂತಾರ ಅನ್ನೋದನ್ನ ಇವತ್ತು ಬರೀತಿದೀನಿ.

ಮೊದಲು ಕಾನೂನಿನ ಮಾತು. ಎಂಬಿಬಿಎಸ್‌ಗೆ ಮೀಸಲಾತಿ ಇದೆ, ಎಂಡಿಗೆ ಇದೆ. ನಮ್ಮ ಭಾಗದವರಿಗೆ 371ಜೆ ಕೂಡ ಇದೆ. ಆದರೆ ಸೂಪರ್ ಸ್ಪೆಷಾಲಿಟಿಗೆ ಬಂದ ಕೂಡಲೇ ಇವೆರಡೂ ಬಾಗಿಲ ಹೊರಗೆ ನಿಲ್ಲುತ್ತವೆ. 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಮೀಸಲಾತಿ ಬೇಡವೆನ್ನಿಸುವ ಕ್ಷೇತ್ರಗಳ ಉದಾಹರಣೆಯಾಗಿ ವೈದ್ಯಕೀಯ ಸೂಪರ್ ಸ್ಪೆಷಾಲಿಟಿಯ ಹೆಸರು ಬಂತು. 1999ರಲ್ಲಿ ಪ್ರೀತಿ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಹಂತದಲ್ಲಿ ಮೀಸಲಾತಿ ಸಲ್ಲದು ಎಂದು ಹೇಳಿತು. ಅಲ್ಲಿಂದ ಈಚೆಗೆ ಆ ಅಟ್ಟದ ಮೇಲೆ ನಮಗೆ ಕೋಟಾ ಇಲ್ಲ. "ಅಲ್ಲಿ ಬರೀ ಮೆರಿಟ್" ಅಂತ ಹೇಳಿ ಬಾಗಿಲು ಹಾಕಿದ್ದಾರೆ.

ಆಯ್ತು. ಆ ಮೆರಿಟ್ ಅಳೆಯೋದು ಹೆಂಗ ಅಂತ ಕೇಳೋಣ.

ಅಟ್ಟಕ್ಕೆ ಹೋಗೋ ದಾರಿ ಮುಖ್ಯವಾಗಿ ಮೂರು. ಒಂದು, 2017ರಿಂದ ನಡೀತಿರೋ ನೀಟ್ ಎಸ್‌ಎಸ್. ಅದರಲ್ಲಿ ಸಂದರ್ಶನ ಇಲ್ಲ. ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೀಬೇಕು, ದೇಶಕ್ಕೆಲ್ಲ ಒಂದೇ ರ‍್ಯಾಂಕ್ ಪಟ್ಟಿ, ಕೌನ್ಸೆಲಿಂಗ್. ಎರಡು, ಏಮ್ಸ್‌ನಂಥ ರಾಷ್ಟ್ರೀಯ ಸಂಸ್ಥೆಗಳಿಗೆ ನಡೆಯೋ ಐಎನ್‌ಐ ಎಸ್‌ಎಸ್. ಅದರಲ್ಲಿ ಎರಡು ಹಂತ: ಕಂಪ್ಯೂಟರ್ ಪರೀಕ್ಷೆಗೆ 80 ಅಂಕ, ಆಮೇಲೆ ಆಯಾ ವಿಭಾಗದ ಪ್ರೊಫೆಸರರ ಮುಂದೆ ನಡೆಯೋ ಮೌಲ್ಯಮಾಪನಕ್ಕೆ 20 ಅಂಕ. ಮೂರು, ದೊಡ್ಡ ಆಸ್ಪತ್ರೆಗಳು, ಸಂಸ್ಥೆಗಳು ತಾವೇ ಕೊಡುವ ವರ್ಷ, ಎರಡು ವರ್ಷದ ಫೆಲೋಶಿಪ್. ಇವುಗಳಲ್ಲಿ ಎಷ್ಟೋ ಕಡೆ ಸಂದರ್ಶನವೇ ಎಲ್ಲ. ಸೀಟು ಒಂದೋ ಎರಡೋ. ನೋಟಿಸು ವೆಬ್‌ಸೈಟಿನ ಮೂಲೆಯಲ್ಲಿ. ಇಂಥಾ ತಾರೀಖು ಮುಂಜಾನೆ ಬಾ ಅಂತಾರೆ, ಸಂಜೆ ಒಂದು ಹೆಸರು ಅಂಟಿಸ್ತಾರೆ.

ಒಂದನೇ ದಾರಿಯಿಂದ ಮೂರನೇ ದಾರಿಗೆ ಬರ್ತಾ ಬರ್ತಾ ಏನಾಗ್ತದೆ ನೋಡಿ. ಮಶೀನು ಕೊಡೋ ಅಂಕ ಕಡಿಮೆ ಆಗ್ತಾ ಹೋಗ್ತದೆ, ಮುಖ ನೋಡಿ ಕೊಡೋ ಅಂಕ ಜಾಸ್ತಿ ಆಗ್ತಾ ಹೋಗ್ತದೆ.

ನಮ್ಮ ಕಡೆಯ ಒಂದು ಹುಡುಗಿ, ನನಗೆ ಕಾಕಾ ಅಂತಾಳ. ಅಪ್ಪ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ. ಆಕಿ ಜನರಲ್ ಮೆಡಿಸಿನ್ ಎಂಡಿ ಮುಗಿಸಿದಳು, ಕಿಡ್ನಿ ವಿಭಾಗಕ್ಕೆ ಹೋಗಬೇಕಂತ ಆಸೆ. ಒಂದು ಕಡೆ ಫೆಲೋಶಿಪ್ ಸಂದರ್ಶನಕ್ಕೆ ಹೋಗಿ ಬಂದು ಫೋನ್ ಮಾಡಿದ್ಲು. ಯಾವ ಸಂಸ್ಥೆ ಅಂತ ಇಲ್ಲಿ ಬರೆಯೋದಿಲ್ಲ, ಆಕಿ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಬೇಕು.

"ಎಷ್ಟೊತ್ತು ಕೂಡಿಸಿದ್ರವಾ?" ಅಂದೆ.

"ಐದು ನಿಮಿಷ ಕಾಕಾ."

"ಏನು ಕೇಳಿದ್ರು?"

"ಊರು ಯಾವುದು, ಅಪ್ಪ ಏನು ಮಾಡ್ತಾರ, ಎಂಬಿಬಿಎಸ್ ಯಾವ ಕೋಟಾದಾಗ ಸಿಕ್ಕಿತ್ತು ಅಂತ ಕೇಳಿದ್ರು. ಡಯಾಲಿಸಿಸ್ ಬಗ್ಗೆ ಒಂದ ಪ್ರಶ್ನೆ ಕೇಳಿದ್ರು, ಉತ್ತರ ಮುಗಿಯೋದ್ರಾಗ ಥ್ಯಾಂಕ್ಯೂ ಅಂದ್ರು."

ಫಲಿತಾಂಶ ಬಂತು. ಆಯ್ಕೆಯಾದವರ ಹೆಸರು ಮಾತ್ರ ಇತ್ತು. ಯಾರಿಗೆ ಎಷ್ಟು ಅಂಕ, ಯಾವುದಕ್ಕೆ ಎಷ್ಟು, ಒಂದೂ ಇಲ್ಲ. ಆಯ್ಕೆಯಾದವರು ಆಕಿಗಿಂತ ಜಾಣರೇ ಇರಬಹುದು, ನಾನು ಇಲ್ಲ ಅನ್ನೋದಿಲ್ಲ. ಆದರೆ ಹೌದು ಅಂತಾದರೂ ಹೆಂಗ ಹೇಳ್ಲಿ? ಕಾಗದಾನೇ ಇಲ್ಲ.

ಬಂಧುಗಳೇ, ನಾನು ಗುಮಾಸ್ತ. ಇಪ್ಪತ್ತು ರೂಪಾಯಿಯ ಸ್ಟೇಷನರಿ ತಂದರೂ ರಸೀದಿ ಅಂಟಿಸಿ, ವೋಚರ್ ಬರೆದು, ಸಾಹೇಬರ ಸಹಿ ತಗೋಬೇಕು. ಒಂದು ಅರ್ಜಿ ಬಂದರೆ ಇನ್‌ವರ್ಡ್ ನಂಬರ್ ಹಾಕಬೇಕು. ಟೆಂಡರ್ ತೆರೆದರೆ ನಡವಳಿ ಬರೀಬೇಕು, ಯಾರ ದರ ಎಷ್ಟು ಅಂತ ಪಟ್ಟಿ ಮಾಡಿ ಎಲ್ಲರ ಸಹಿ ಹಾಕಿಸಬೇಕು. ಕುರ್ಚಿ ಮೇಜು ಖರೀದಿಗೆ ಇರೋ ಇಷ್ಟು ಶಿಸ್ತು, ವರ್ಷಗಟ್ಟಲೆ ಓದಿ ಬಂದ ಒಬ್ಬ ಡಾಕ್ಟರಳ ಭವಿಷ್ಯ ನಿರ್ಧಾರ ಮಾಡೋ ಕೋಣೆಯೊಳಗೆ ಯಾಕಿಲ್ಲ?

"ಸಂದರ್ಶನದಲ್ಲಿ ಜಾತಿ ಎಲ್ಲಿ ಬಂತು ಮಾರಾಯಾ, ಎಲ್ಲಾ ನಿಮ್ಮ ಕಲ್ಪನೆ" ಅನ್ನೋರಿಗೆ ಇತಿಹಾಸ ಹೇಳ್ತೀನಿ.

ಈ ಜಗಳ ಶುರುವಾಗಿದ್ದೇ ನಮ್ಮ ರಾಜ್ಯದಾಗ. 1963ರಲ್ಲಿ ಅಂದಿನ ಮೈಸೂರು ಸರ್ಕಾರ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜು ಪ್ರವೇಶಕ್ಕೆ ಸಂದರ್ಶನ ಇಟ್ಟಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಅಂಕ ಸಂದರ್ಶನಕ್ಕೆ. ಯಾವುದಕ್ಕೆ ಅಂಕ? ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ ಇಂಥವಕ್ಕೆ. ಅದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, 1964ರಲ್ಲಿ ಕೋರ್ಟು ಸಂದರ್ಶನ ಇಡಬಹುದು ಅಂತು. "ವ್ಯಕ್ತಿತ್ವ"ಕ್ಕೆ ಅಂಕ ಅಂದ್ರ ಏನು ಅಂತ 1964ರ ಕೇರಿಯ ಹುಡುಗನನ್ನ ನೆನೆಸಿಕೊಂಡು ಯೋಚನೆ ಮಾಡ್ರಿ. ಇಸ್ತ್ರಿ ಅಂಗಿ, ಇಂಗ್ಲಿಷ್ ಉಚ್ಚಾರ, ಕಣ್ಣಾಗ ಕಣ್ಣಿಟ್ಟು ಮಾತಾಡೋ ಧೈರ್ಯ. ಈ ಮೂರೂ ಅಗ್ರಹಾರದಾಗ ಹುಟ್ಟಿದವನಿಗೆ ಪುಕ್ಕಟೆ ಬಂದಿರ್ತಾವು.

ಹದಿನಾರು ವರ್ಷ ಆದ ಮೇಲೆ, 1980ರ ನವೆಂಬರಿನಲ್ಲಿ, ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಬೇರೆ ಮಾತಾಡಿತು. ಅದು ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದ ವಿಷಯ. ಒಟ್ಟು 150 ಅಂಕದಲ್ಲಿ 50 ಸಂದರ್ಶನಕ್ಕೆ. ಎರಡು ಮೂರು ನಿಮಿಷ ಕೂಡಿಸಿ ಅಪ್ಪ ಯಾರು, ಮನೆ ಎಲ್ಲಿ ಅಂತ ಕೇಳಿ ಕಳಿಸಿದರು ಅನ್ನೋದು ವಿದ್ಯಾರ್ಥಿಗಳ ದೂರು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಹೇಳಿದ್ದು: ಇಂಥ ಪ್ರವೇಶಕ್ಕೆ ಸಂದರ್ಶನದ ಅಂಕ ಶೇ. 15 ಮೀರಿದರೆ ಅದು ಮನಸೋ ಇಚ್ಛೆ. ಇನ್ನೊಂದು ಮಾತೂ ಹೇಳಿದರು: ಸಂದರ್ಶನವನ್ನು ಟೇಪ್ ರೆಕಾರ್ಡ್ ಮಾಡೋದು ಒಳ್ಳೆಯದು.

1980ರಾಗ! ಟೇಪ್ ರೆಕಾರ್ಡರ್ ಊರಿಗೊಂದು ಇದ್ದ ಕಾಲದಾಗ ಹೇಳಿದ ಮಾತು. ಈಗ ಪ್ರತಿ ಪ್ರೊಫೆಸರ್ ಕಿಸೆಯೊಳಗ ರೆಕಾರ್ಡರ್ ಐತಿ, ಕೋಣೆ ಮೂಲೆಯಾಗ ಸಿಸಿಟಿವಿ ಐತಿ. ರೆಕಾರ್ಡ್ ಮಾಡ್ರಿ ಅಂದ್ರ ಮಾತ್ರ ಗೌಪ್ಯತೆ ನೆನಪಾಗ್ತೈತಿ. ಇಪ್ಪತ್ತು ಅಂಕ ವಿಭಾಗದ ಕೈಯೊಳಗ, ಫೆಲೋಶಿಪ್ ಆದ್ರ ನೂರಕ್ಕ ನೂರು ಅವರ ಕೈಯೊಳಗ.

ಏಮ್ಸ್ ವಿಷಯಕ್ಕೆ ಬನ್ನಿ. ಅಲ್ಲಿಯ ದಲಿತ, ಆದಿವಾಸಿ ವಿದ್ಯಾರ್ಥಿಗಳ ದೂರುಗಳ ಬಗ್ಗೆ ಪ್ರೊ. ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಹಾಸ್ಟೆಲಿನಲ್ಲಿ ಪ್ರತ್ಯೇಕತೆ, ಶಿಕ್ಷಕರ ತಾತ್ಸಾರ, ವೈವಾದಲ್ಲಿ ನೇರವಾಗಿಯೋ ಸುತ್ತಿ ಬಳಸಿಯೋ ಜಾತಿ ಕೇಳುವುದು, ಇವೆಲ್ಲ ಅದರಲ್ಲಿವೆ. ಹದಿನೈದು ವರ್ಷ ಕಳೆದ ಮೇಲೆ, 2022ರ ಜುಲೈನಲ್ಲಿ, ಕಿರೀಟ್ ಸೋಲಂಕಿ ಅಧ್ಯಕ್ಷತೆಯ ಸಂಸತ್ತಿನ ಎಸ್‌ಸಿ ಎಸ್‌ಟಿ ಕಲ್ಯಾಣ ಸಮಿತಿ ಅದೇ ಏಮ್ಸ್ ಬಗ್ಗೆ ವರದಿ ಮಂಡಿಸಿತು. ವಿದ್ಯಾರ್ಥಿಯ ಹೆಸರು ಪರೀಕ್ಷಕರಿಗೆ ಗೊತ್ತಾಗಬಾರದು, ಬದಲಿಗೆ ಗುಪ್ತ ಸಂಖ್ಯೆ ಕೊಡಿ ಅಂತ ಹೇಳಿತು. ಮೀಸಲು ಹುದ್ದೆಗೆ "ಯೋಗ್ಯರು ಸಿಗಲಿಲ್ಲ" ಅಂತ ಬರೆದು ಖಾಲಿ ಬಿಡೋ ಚಾಳಿಯನ್ನು ಒಪ್ಪಲಿಲ್ಲ. ಸೂಪರ್ ಸ್ಪೆಷಾಲಿಟಿಯಲ್ಲೂ ಮೀಸಲಾತಿ ಬೇಕು ಅಂತು. ಅದರ ಅಧ್ಯಕ್ಷರು ಆಗ ಆಳುವ ಪಕ್ಷದ ಸಂಸದರಾಗಿದ್ದರು, ನಮ್ಮ ಸಂಘಟನೆಯವರಲ್ಲ. ಹಂಗಾದ್ರ ಇದೂ ಕಲ್ಪನೇನಾ?

ನಡುವೆ 2019ರ ಮೇ 22. ಮುಂಬೈಯ ಪಾಲಿಕೆ ಆಸ್ಪತ್ರೆಯ ಹಾಸ್ಟೆಲಿನಲ್ಲಿ ಡಾ. ಪಾಯಲ್ ತಡ್ವಿ ಜೀವ ಬಿಟ್ಟಳು. ಆದಿವಾಸಿ ಹೆಣ್ಣುಮಗಳು, ಸ್ತ್ರೀರೋಗ ವಿಭಾಗದಲ್ಲಿ ಸ್ನಾತಕೋತ್ತರ ಓದ್ತಿದ್ದಳು. ಜಾತಿ ಕಿರುಕುಳದ ಆರೋಪದ ಮೇಲೆ ಹಿರಿಯ ಸಹಪಾಠಿಗಳ ವಿರುದ್ಧ ಮೊಕದ್ದಮೆ ದಾಖಲಾಯಿತು. ಆ ಮಟ್ಟಿಗೆ ಓದಿದ ಮೇಲೂ ಜಾತಿ ಬಿಡೋದಿಲ್ಲ ಅನ್ನೋದಕ್ಕೆ ಇನ್ನೇನು ಬೇಕು?

ಸಂದರ್ಶನದ ಅಂಕ ಹೆಂಗ ಆಟ ಆಡ್ತದ ಅಂತ ಕರ್ನಾಟಕದ ಸರ್ಕಾರಿ ನೌಕರರಿಗೆ ಯಾರೂ ಕಲಿಸಬೇಕಾಗಿಲ್ಲ. ಕೆಪಿಎಸ್‌ಸಿಯ 2011ರ ಬ್ಯಾಚ್ ನೆನಪಿದೆಯಲ್ಲ? 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆ. ಅಕ್ರಮದ ದೂರು, ಸಿಐಡಿ ತನಿಖೆ, 2014ರಲ್ಲಿ ಸರ್ಕಾರವೇ ಪಟ್ಟಿ ಹಿಂದಕ್ಕೆ ಪಡೆಯಿತು. ಕೊನೆಗೆ 2022ರಲ್ಲಿ ಕಾಯ್ದೆ ತಂದು ಆ ನೇಮಕಾತಿಗೆ ಮತ್ತೆ ಜೀವ ಕೊಟ್ಟರು, ಅದು ಬೇರೆ ಮಾತು. ಆದರೆ ಪಾಠ ಒಂದು ಕಲಿತರು: ಕೆಎಎಸ್ ಸಂದರ್ಶನಕ್ಕೆ ಇದ್ದ 200 ಅಂಕ ಈಗ 25ಕ್ಕೆ ಇಳಿದಿದೆ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಅಟೆಂಡರ್, ಗುಮಾಸ್ತನ ಕೆಲಸಕ್ಕ ಸಂದರ್ಶನ ಇಟ್ರ ಲಂಚ, ವಶೀಲಿ ನಡೀತೈತಿ ಅಂತ ಒಪ್ಪಿಕೊಂಡವರು, ಡಾಕ್ಟರರ ಕೋಣೆಯೊಳಗ ಮಾತ್ರ ಗಂಗಾಜಲ ಹರೀತೈತಿ ಅಂತ ನಂಬಬೇಕೇನು?

ಈಗ ಮೆರಿಟ್ ಮಹಾಶಯರು ಕೇಳೋ ಕಾಯಂ ಪ್ರಶ್ನೆ. "ನಿನ್ನ ತಾಯಿ ಆಪರೇಷನ್ ಟೇಬಲ್ ಮೇಲೆ ಮಲಗಿದಾಗ ಕೋಟಾ ಡಾಕ್ಟರ್ ಬೇಕೋ, ಮೆರಿಟ್ ಡಾಕ್ಟರ್ ಬೇಕೋ?"

ಉತ್ತರ ಕೇಳ್ರಿ. 2023ರ ಸೆಪ್ಟೆಂಬರಿನಲ್ಲಿ ನೀಟ್ ಪಿಜಿ ಕಟಾಫ್ ಎಲ್ಲಾ ವರ್ಗಕ್ಕೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು. ಸೊನ್ನೆ! ಸೀಟು ಖಾಲಿ ಉಳೀತಾವು ಅಂತ. ಖಾಸಗಿ ಕಾಲೇಜಿನ ಕೋಟಿ ಬೆಲೆಯ ಸೀಟಿಗೆ ಗಿರಾಕಿ ಬೇಕಾದಾಗ ಮೆರಿಟ್ ಎಲ್ಲಿ ಹೋಗಿತ್ತು? ಅವತ್ತು ನಿಮ್ಮ ತಾಯಿ ಟೇಬಲ್ ಮೇಲೆ ಇರಲಿಲ್ಲೇನು? ಸೂಪರ್ ಸ್ಪೆಷಾಲಿಟಿಯಲ್ಲೂ ವರ್ಷ ವರ್ಷ ನೂರಾರು ಸೀಟು ಖಾಲಿ ಉಳಿದು, ಹೆಚ್ಚುವರಿ ಸುತ್ತು ಮಾಡಿ, ಕಟಾಫ್ ಇಳಿಸಿ ತುಂಬಿದ್ದನ್ನು ದೇಶ ನೋಡಿದೆ. ಖಾಲಿ ಬಿಟ್ಟರೂ ಪರವಾಗಿಲ್ಲ, ನಮಗೆ ಒಂದು ಪಾಲು ತೆಗೆದಿಡೋದು ಬೇಡ. ಇದು ಮೆರಿಟ್ ಅಲ್ಲ, ಹಠ.

ಇನ್ನೊಂದು. ಕೋಟಾದಲ್ಲಿ ಎಂಡಿ ಸೀಟು ಪಡೆದ ಹುಡುಗಿ ಕೊನೆಗೆ ಬರೆಯೋದು ಎಲ್ಲರೂ ಬರೆಯೋ ಪರೀಕ್ಷೆಯನ್ನೇ. ಪಾಸಾಗೋ ಅಂಕ ಎಲ್ಲರಿಗೂ ಒಂದೇ. ಆಕಿ ಪಾಸಾಗೇ ಬಂದಾಳ. 2022ರ ಜನವರಿಯಲ್ಲಿ ನೀಲ್ ಔರೇಲಿಯೊ ನ್ಯೂನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೂಡ ಮೆರಿಟ್ ಅಂದರೆ ಒಂದು ಪರೀಕ್ಷೆಯ ಅಂಕ ಮಾತ್ರ ಅಲ್ಲ, ಕುಟುಂಬದ ಸ್ಥಿತಿ, ಸಿಕ್ಕ ಶಾಲೆ, ಬೆನ್ನಿಗಿದ್ದ ಸೌಕರ್ಯ ಎಲ್ಲ ಆ ಅಂಕದೊಳಗೆ ಸೇರಿರ್ತಾವೆ ಅನ್ನೋ ಅರ್ಥದ ಮಾತು ಹೇಳಿದೆ. ನಾವು ಕೇರಿಯೊಳಗ ಕೂತು ಐವತ್ತು ವರ್ಷದಿಂದ ಹೇಳಿದ್ದೂ ಇದನ್ನೇ.

ಇದೆಲ್ಲ ದೆಹಲಿ, ಮುಂಬೈ ಕಥೆ, ಗಿಲ್ಲೆಸುಗೂರಿಗೆ ಏನು ಸಂಬಂಧ ಅಂತೀರಾ? ಸಂಬಂಧ ಇಲ್ಲೇ ಐತಿ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ, ಮಾನ್ವಿ ಎರಡೂ ಅದರಲ್ಲಿದ್ದವು. 2018ರಲ್ಲಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರು ಬಂತು. ನಮ್ಮಲ್ಲಿ 2007ರಿಂದ ರಿಮ್ಸ್ ಐತಿ. ಓಪೆಕ್ ಆಸ್ಪತ್ರೆ ಅಂತ ನಾವು ಕರೆಯೋ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಐತಿ, ಹತ್ತು ವರ್ಷ ಅಪೋಲೊ ಕೈಯಲ್ಲಿತ್ತು, ಆಮೇಲೆ ಸರ್ಕಾರಕ್ಕೆ ವಾಪಸ್ ಬಂತು. ಬೋರ್ಡಿನ ಮೇಲೆ ಸೂಪರ್ ಸ್ಪೆಷಾಲಿಟಿ ಅಂತ ಬರೆದ ಮಾತ್ರಕ್ಕೆ ತಜ್ಞರು ಬರ್ತಾರೇನು? ತಲೆಗೆ ಪೆಟ್ಟು ಬಿದ್ದವರನ್ನ, ಎದೆನೋವು ಬಂದವರನ್ನ ಇವತ್ತಿಗೂ ಹೈದರಾಬಾದಿಗೋ ಕರ್ನೂಲಿಗೋ ಬಳ್ಳಾರಿಗೋ ಹೊತ್ತುಕೊಂಡು ಹೋಗ್ತೀವಿ. ಹೊಲ ಅಡ ಇಟ್ಟು ಹೋಗ್ತೀವಿ.

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಿಂದ ಧರಣಿ ಕೂತರು. ಸಾವಿರ ದಿನ ದಾಟಿತು. ಆ ಹೋರಾಟಕ್ಕೆ ನನ್ನ ಬೆಂಬಲ ಐತಿ. ಆದರೆ ಒಂದು ಪ್ರಶ್ನೆ ಈಗಲೇ ಕೇಳಿಡ್ತೀನಿ. ನಾಳೆ ಏಮ್ಸ್ ಬಂತು ಅನ್ನೋಣ. ಅದರ ಸಂದರ್ಶನ ಕೋಣೆಯೊಳಗ ಮೇಜಿನ ಆ ಕಡೆ ಯಾರು ಕೂಡ್ತಾರ, ಈ ಕಡೆ ಯಾರು ಕೂಡ್ತಾರ? ಕಟ್ಟಡಕ್ಕ ನಮ್ಮ ಭೂಮಿ, ಗಾರೆ ಕೆಲಸಕ್ಕ ನಮ್ಮ ಕೈ, ಕಸ ಹೊಡ್ಯಾಕ ನಮ್ಮ ಹೆಣ್ಣುಮಕ್ಕಳು, ಡಿಎಂ ಸೀಟಿಗೆ ಮಾತ್ರ "ಯೋಗ್ಯರು ಸಿಗಲಿಲ್ಲ" ಅಂತ ಬರೆದ್ರ ಅಂಥ ಏಮ್ಸ್ ತಗೊಂಡು ಏನು ಮಾಡೋದು? ಈ ಮಣ್ಣಿನ ಮಕ್ಕಳು ತಜ್ಞರಾದರೆ ಈ ಮಣ್ಣಿಗೆ ಬರುವ ಸಾಧ್ಯತೆ ಐತಿ. ಬೆಂಗಳೂರಿನ ಡಾಕ್ಟರರ ಮಗ ದೇವದುರ್ಗಕ್ಕೆ ಯಾಕ ಬರ್ತಾನ, ಹೇಳ್ರಿ.

ಸಂದರ್ಶನವೇ ಬೇಡ ಅಂತ ನಾನು ಹೇಳ್ತಿಲ್ಲ. ಶಸ್ತ್ರಚಿಕಿತ್ಸೆ ಮಾಡೋನ ಕೈ ನೋಡಬೇಕು, ರೋಗಿ ಹತ್ರ ಹೆಂಗ ಮಾತಾಡ್ತಾನ ನೋಡಬೇಕು, ಒಪ್ತೀನಿ. ನೋಡ್ರಿ, ಆದರೆ ಲೆಕ್ಕ ಇಟ್ಟು ನೋಡ್ರಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಇಪ್ಪತ್ತು ವರ್ಷದ ಹಿಂದೆಯೇ ಒಂದು ಪದ್ಧತಿ ತಂತು. ಒಂದೇ ಕೋಣೆಯಲ್ಲಿ ಐದು ಮಂದಿ ಕೂತು ಒಬ್ಬನನ್ನು ನೋಡೋ ಬದಲು, ಅಭ್ಯರ್ಥಿ ಸಣ್ಣ ಸಣ್ಣ ಹತ್ತು ಕೋಣೆಗೆ ಹೋಗ್ತಾನೆ. ಪ್ರತಿ ಕೋಣೆಯಲ್ಲಿ ಬೇರೆ ಪರೀಕ್ಷಕರು, ಎಲ್ಲರಿಗೂ ಅದೇ ಪ್ರಶ್ನೆ, ಅಂಕ ಕೊಡೋ ಅಳತೆ ಮೊದಲೇ ಬರೆದಿರ್ತದೆ. ಒಬ್ಬ ಪರೀಕ್ಷಕನಿಗೆ ನಿನ್ನ ಮುಖ ಹಿಡಿಸಲಿಲ್ಲ ಅಂದ್ರೂ ಉಳಿದ ಒಂಬತ್ತು ಕೋಣೆ ಇರ್ತಾವೆ. ಲೋಕದ ಬಹಳ ವೈದ್ಯಕೀಯ ಕಾಲೇಜುಗಳು ಇದನ್ನು ತಗೊಂಡಿವೆ. ನಮ್ಮವರಿಗೆ ಏನು ಅಡ್ಡಿ?

ಆದ್ದರಿಂದ ನಮ್ಮ ಬೇಡಿಕೆ ಇವು. ನಮ್ಮ ಸಂಘಟನೆಗಳು, ಎಸ್‌ಸಿ ಎಸ್‌ಟಿ ನೌಕರರ ಸಂಘಗಳು, ಜಿಲ್ಲೆಯ ಶಾಸಕರು ಎಲ್ಲರೂ ಇದನ್ನ ಎತ್ತಬೇಕು.

1. ಫೆಲೋಶಿಪ್ ಇರಲಿ, ಡಿಎಂ ಇರಲಿ, ಯಾವುದಕ್ಕೆ ಎಷ್ಟು ಅಂಕ ಅನ್ನೋದು ನೋಟಿಸಿನಲ್ಲೇ ಇರಬೇಕು. ಮುಖ ನೋಡಿ ಕೊಡೋ ಅಂಕ ಶೇ. 15 ದಾಟಬಾರದು.

2. ಸಂದರ್ಶನ ರೆಕಾರ್ಡ್ ಆಗಬೇಕು. ಪ್ರತಿ ಸದಸ್ಯ ತನ್ನ ಅಂಕವನ್ನು ಪೆನ್ನಿನಲ್ಲಿ ಬರೆದು ಅಲ್ಲೇ ಸಹಿ ಹಾಕಬೇಕು. ಪೆನ್ಸಿಲ್ ಬೇಡ.

3. ಊರು, ಅಪ್ಪನ ಕೆಲಸ, ಅಡ್ಡಹೆಸರು, ಕೋಟಾ ಇವನ್ನು ಕೇಳೋದು ನಿಷೇಧ ಆಗಬೇಕು. ಸಮಿತಿಯಲ್ಲಿ ಎಸ್‌ಸಿ ಎಸ್‌ಟಿ ಸದಸ್ಯರು, ಹೊರಗಿನ ಒಬ್ಬರು ಇರಲೇಬೇಕು.

4. ಫಲಿತಾಂಶದ ಜೊತೆ ಎಲ್ಲರ ಅಂಕ ಪ್ರಕಟ ಆಗಬೇಕು, ಆಯ್ಕೆಯಾಗದವರದ್ದೂ.

5. ಸೂಪರ್ ಸ್ಪೆಷಾಲಿಟಿಯಲ್ಲಿ ಮೀಸಲಾತಿಗೆ ಸಂಸತ್ತು ಕಾನೂನು ಮಾಡಬೇಕು. ಸಂಸದೀಯ ಸಮಿತಿಯೇ ಹೇಳಿದ ಮೇಲೆ ಇನ್ನೇನು ಕಾಯೋದು?

6. ನೀಟ್ ಎಸ್‌ಎಸ್ ಕೌನ್ಸೆಲಿಂಗ್‌ಗೆ 2 ಲಕ್ಷ ರೂಪಾಯಿ ಠೇವಣಿ ಕೇಳ್ತಾರೆ. ವಾಪಸ್ ಕೊಡ್ತಾರೆ, ಸರಿ. ಆದರೆ ಹಮಾಲಿಯ ಮಗಳು ಮೊದಲು ಎಲ್ಲಿಂದ ತರಬೇಕು? ಸಮಾಜ ಕಲ್ಯಾಣ ಇಲಾಖೆ ಆ ಹಣ ಕಟ್ಟಬೇಕು.

ಕೊನೆಗೆ ನಮ್ಮ ಡಾಕ್ಟರ್ ಮಕ್ಕಳಿಗೆ ಎರಡು ಮಾತು. ಬೇಡಿಕೆ ಈಡೇರೋತನಕ ನೀವು ಕೈಕಟ್ಟಿ ಕೂಡಬ್ಯಾಡ್ರಿ.

ಸಂದರ್ಶನಕ್ಕೆ ಹೋಗೋ ಮೊದಲು ನಿಮ್ಮ ಕೆಲಸದ ಲೆಕ್ಕ ಬರೆದಿಡ್ರಿ. ಎಷ್ಟು ಕೇಸು ನೋಡಿದ್ರಿ, ಎಷ್ಟು ಪ್ರೊಸೀಜರ್ ಮಾಡಿದ್ರಿ, ರಾತ್ರಿ ಡ್ಯೂಟಿಯಲ್ಲಿ ಒಬ್ಬರೇ ಏನು ನಿಭಾಯಿಸಿದ್ರಿ. ಲಾಗ್‌ಬುಕ್ ಮೇಲೆ ಗೈಡ್ ಸಹಿ ಇರಲಿ. ಹಾವು ಕಡಿದವರು, ಔಷಧಿ ಕುಡಿದವರು, ಹೆರಿಗೆಯಲ್ಲಿ ರಕ್ತ ಕಳಕೊಂಡವರು, ಇವರನ್ನ ನೀವು ನೋಡಿದಷ್ಟು ದೊಡ್ಡ ಊರಿನವರು ನೋಡಿರೋದಿಲ್ಲ. ಅದನ್ನ ಹೇಳಾಕ ನಾಚಿಕೋಬ್ಯಾಡ್ರಿ. "ಅಪ್ಪ ಏನು ಮಾಡ್ತಾರೆ" ಅಂದ್ರ ತಲಿ ಎತ್ತಿ ಹೇಳ್ರಿ, "ಹಮಾಲಿ ಸರ್", ಅಲ್ಲಿಂದ ಮಾತನ್ನ ನಿಮ್ಮ ಕೆಲಸಕ್ಕ ತಿರುಗಿಸ್ರಿ. ಹೊರಗೆ ಬಂದ ಕೂಡಲೇ ಎಷ್ಟು ಹೊತ್ತಿಗೆ ಒಳಗೆ ಹೋದ್ರಿ, ಯಾವ ಪ್ರಶ್ನೆ ಬಂತು, ಎಷ್ಟಕ್ಕೆ ಹೊರಗೆ ಬಂದ್ರಿ ಅಂತ ತಾರೀಖು ಹಾಕಿ ಬರೆದಿಡ್ರಿ.

ಸರ್ಕಾರಿ ಸಂಸ್ಥೆ ಆಗಿದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ಹತ್ತು ರೂಪಾಯಿ, ಮೂವತ್ತು ದಿನ. 2011ರಲ್ಲಿ ಸುಪ್ರೀಂ ಕೋರ್ಟು ಪರೀಕ್ಷೆ ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡೋ ಹಕ್ಕು ಐತಿ ಅಂದಿದೆ. ಸಂದರ್ಶಕರ ಹೆಸರು ಕೊಡಬೇಕಾಗಿಲ್ಲ ಅಂತ 2012ರಲ್ಲಿ ಹೇಳಿದೆ, ಆದ್ದರಿಂದ ಹೆಸರು ಕೇಳಿ ಅರ್ಜಿ ಕೆಡಿಸಿಕೊಳ್ಳಬ್ಯಾಡ್ರಿ. ನಿಮ್ಮ ಅಂಕ, ಕಟಾಫ್ ಅಂಕ, ಅಂಕ ಕೊಡೋ ಅಳತೆ, ನಡವಳಿಯ ನಕಲು, ಇಷ್ಟು ಕೇಳ್ರಿ. ಬರೆಯಾಕ ಬರದಿದ್ರ ಇನ್‌ಬಾಕ್ಸಿಗೆ ಬರ್ರಿ, ಅರ್ಜಿ ನಾನು ಬರೆದುಕೊಡ್ತೀನಿ. ಅದೇ ನನ್ನ ಕಸುಬು.

ಕೌನ್ಸೆಲಿಂಗ್‌ನಲ್ಲಿ ಆಯ್ಕೆ ತುಂಬುವಾಗ "ಇದು ನಮಗೆಲ್ಲಿ ಸಿಗ್ತದ" ಅಂತ ಸಣ್ಣದನ್ನ ಮೊದಲು ಬರೀಬ್ಯಾಡ್ರಿ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯಲ್ಲಿ ಮೇಲಿಂದ ಕೆಳಕ್ಕೆ ನೋಡಿ, ಖಾಲಿ ಇರೋ ಮೊದಲ ಸೀಟು ಕೊಡ್ತಾರೆ. ದೊಡ್ಡದನ್ನ ಮೇಲೆ ಬರೆದರೆ ಕೆಳಗಿನದು ಕಳಕೊಳ್ಳೋದಿಲ್ಲ. ಸಣ್ಣದನ್ನ ಮೇಲೆ ಬರೆದರೆ ದೊಡ್ಡದು ಖಂಡಿತ ಹೋಗ್ತದೆ. ಆ ಹುಡುಗಿಗೂ ಇದನ್ನೇ ಹೇಳಿದೆ: "ನಿನಗ ಬೇಕಾದ್ದು ಮೊದಲು ಬರಿಯವಾ. ಬೇಡ ಅನ್ನೋ ಕೆಲಸ ಅವರು ಮಾಡ್ಲಿ, ನೀನಾಗೇ ಮಾಡಿಕೊಡಬ್ಯಾಡ."

ಮೂರು ಸಾವಿರ ವರ್ಷ ನಮ್ಮನ್ನ ಯೋಗ್ಯರಲ್ಲ ಅಂತ ಬಾಯಿಮಾತಿನಾಗ ಹೇಳಿಕೊಂಡು ಬಂದಾರ. ಇನ್ನು ಮ್ಯಾಲ ಹೇಳೋದಿದ್ರ ಬರೆದು, ಅಂಕ ಹಾಕಿ, ಸಹಿ ಮಾಡಿ ಹೇಳ್ಲಿ. ನಾವು ಓದಿ ನೋಡ್ತೀವಿ. ಓದಾಕ ಕಲಿಸಿದವರು ಬಾಬಾಸಾಹೇಬರು.

ನಿಮ್ಮ ಅನುಭವ ಇದ್ರ ಕಾಮೆಂಟಿನಾಗ ಬರೀರಿ, ಸಂಸ್ಥೆಯ ಹೆಸರು ಬರೆಯೋ ಮೊದಲು ನಿಮ್ಮ ಮುಂದಿನ ಅರ್ಜಿ ನೆನಪಿಡ್ರಿ. ಡಾಕ್ಟರ್ ಓದೋ ಪ್ರತಿ ಮಗುವಿಗೂ ಇದು ತಲುಪಲಿ, ಶೇರ್ ಮಾಡ್ರಿ.

ಜೈಭೀಮ್. ಜೈ ಸಂವಿಧಾನ.

#ಸಂದರ್ಶನದ_ಅಂಕ_ಬಯಲಾಗಲಿ